ಒಟ್ಟು

ಸಂಜೆ ಐದರೊಳಗೆ ಕಳಿಸಬೇಕಂತೆ.
ಸಿಆರ್‌ಪಿ ಸಾಹೇಬರದು ಇದು ಮೂರನೇ ಫೋನು:
"ಒಂದ ಹಾಳಿ ಅಲ್ಲೇನ್ರೀ ಮೇಡಂ,
ನಿಮ್ದೇನು ಭಾಳ ದೊಡ್ಡ ಸಾಲೀನ?"

ದೊಡ್ಡದಲ್ಲ.
ಕಾರಟಗಿಯಿಂದ ಒಂಬತ್ತು ಕಿಲೋಮೀಟರು, ಕಾಲುವೆ ಏರಿಯ ಮೇಲೆ
ಎರಡು ಕೋಣೆ. ಒಂದಕ್ಕೆ ಸದಾ ಬೀಗ,
ಒಳಗೆ ಅಕ್ಕಿ, ತೊಗರಿಬೇಳೆ,
ದಕ್ಷಿಣ ಧ್ರುವದ ಹತ್ತಿರ ಒಡೆದ ಒಂದು ಗ್ಲೋಬು.
ಇನ್ನೊಂದರಲ್ಲಿ ಒಂದರಿಂದ ಐದು, ನಾನು,
ಮತ್ತು ಈ ಹಾಳೆ.

ಗಂಡು ಎಂಟು.
ಹೆಣ್ಣು ಹದಿನೈದು.
ಹೋದ ವರ್ಷ ಬಂದ ಅಧಿಕಾರಿ ಇದನ್ನು ಕಂಡು
ಹೆಣ್ಣುಮಕ್ಕಳ ಶಿಕ್ಷಣಕ್ಕೆ ಮಾದರಿ ಎಂದು
ಸಂದರ್ಶನ ಪುಸ್ತಕದಲ್ಲಿ ಹಸಿರು ಶಾಯಿಯಲ್ಲಿ ಬರೆದು ಹೋದರು.
ನಾನು ಚಹಾ ಕೊಟ್ಟೆ. ಹೇಳಲಿಲ್ಲ:
ಎಂಟೂವರೆಗೆ ಕ್ಯಾಂಪಿಗೆ ಹಳದಿ ವ್ಯಾನು ಬರುತ್ತದೆ,
ಟೈ ಕಟ್ಟಿದ ತಮ್ಮಂದಿರನ್ನು ತುಂಬಿಕೊಳ್ಳುತ್ತದೆ.
ಅವರ ಚೀಲ ಅಲ್ಲಿಯ ತನಕ ಹೊತ್ತು ತಂದು
ಟಾಟಾ ಮಾಡಿದ ಅಕ್ಕಂದಿರು
ಆ ಧೂಳು ಇಳಿಯುವುದರೊಳಗೆ
ನಮ್ಮ ಗೇಟಿನೊಳಗೆ ಇರುತ್ತಾರೆ.
ಹದಿನೈದು.

ಜಾತಿಯ ಕಾಲಮ್ಮು ತುಂಬುವುದು
ಮಕ್ಕಳು ನೀರು ಕುಡಿಯಲು ಹೋದಾಗ.
ಅವರ ಎದುರು ಓದಬಾರದೆಂದು ನನ್ನದೊಂದು ನೇಮ.
ಕಿಟಕಿಯಿಂದ ನೋಡುತ್ತೇನೆ:
ಯಾರ ಬಾಟಲಿ ಎತ್ತಿ ಕುಡಿಯಬಹುದು,
ಯಾರದಕ್ಕೆ ಕೈಯೇ ಹಚ್ಚಬಾರದು,
ಎರಡನೇತ್ತೆಯ ಯಂಕೋಬನಿಗೂ ಗೊತ್ತು.
ಏಳರ ಮಗ್ಗಿ ಇನ್ನೂ ಬಂದಿಲ್ಲ ಅವನಿಗೆ.

ಹುಟ್ಟಿದ ದಿನಾಂಕ.
ಒಂಬತ್ತು ಮಂದಿ ಜೂನ್ ಒಂದಕ್ಕೆ ಹುಟ್ಟಿದ್ದಾರೆ,
ಆಧಾರಿನವರು ಮುಟ್ಟಿದ ನಾಲ್ವರು ಜನವರಿ ಒಂದಕ್ಕೆ.
ನನ್ನದೂ ಜೂನ್ ಒಂದೇ.
ಯಾವಾಗ ಹುಟ್ಟಿದಳು ಎಂದು ಮಾಸ್ತರರು ಕೇಳಿದಾಗ
"ಸಜ್ಜಿ ಕೊಯ್ಯೂ ಮುಂದ" ಅಂದಿದ್ದಳಂತೆ ಅವ್ವ.
ಸಜ್ಜೆಗೆ ಕಾಲಮ್ಮಿರಲಿಲ್ಲ.

ಮಾತೃಭಾಷೆ: ಕನ್ನಡ, ತೆಲುಗು, ಉರ್ದು, ಲಂಬಾಣಿ,
ಪೆನ್ನು ಸರಾಗ ಓಡಿತು. ರಿಂಕಿ ಕುಮಾರಿಯ ಹತ್ತಿರ ನಿಂತಿತು.
ಅವಳಪ್ಪ ದರ್ಭಂಗಾ ಕಡೆಯವನು,
ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾನೆ.
ಕರೆದು ಕೇಳಿದೆ, "ಮನ್ಯಾಗ ಹ್ಯಾಂಗ ಮಾತಾಡ್ತೀರವಾ?"
ಜಡೆಯ ತುದಿ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು.
"ಮೆಲ್ಲಕ ಮಾತಾಡ್ತೀವ್ರಿ.
ಅಪ್ಪಂದು ರಾತ್ರಿ ಪಾಳಿ, ಹಗಲಿ ಮಲಗತಾನ್ರಿ."

ಇತರೆ ಎಂದು ಬರೆದೆ.

ಇನ್ನು ಒಟ್ಟು.
ಪುಸ್ತಕದ ಪ್ರಕಾರ ಇಪ್ಪತ್ಮೂರು.
ಇದರಲ್ಲಿ ಪುಷ್ಪಾಬಾಯಿ ದೀಪಾವಳಿ ಮರುದಿನವೇ
ಅವ್ವ ಅಪ್ಪನ ಜೊತೆ ಗೋವಾ ಬಸ್ಸು ಹತ್ತಿದಳು.
ಎಲ್ಲೋ ಏಳುತ್ತಿರುವ ಕಟ್ಟಡದ ಬುಡದಲ್ಲಿ
ಈಗ ಕೂಸು ಆಡಿಸುತ್ತಿರಬೇಕು.
ಹೆಸರು ಹೊಡೆದು ಹಾಕಬೇಕಿತ್ತು.
ಹೊಡೆದರೆ ಇಪ್ಪತ್ತೆರಡು;
ಮತ್ತೊಂದು ಹೋದರೆ, ಇನ್ನೊಂದು ಹೋದರೆ
ಪಕ್ಕದ ಊರಿನ ಸಾಲಿಗೆ ಇವರೆಲ್ಲ,
ನಡುವೆ ಕಾಲುವೆ.

ಅಡುಗೆಯ ಹನುಮವ್ವ ಪುಸ್ತಕ ನೋಡುವವಳಲ್ಲ.
ತಲೆ ನೋಡಿ ತಾಟು ಹಾಕುತ್ತಾಳೆ, ದಿನಾ ಇಪ್ಪತ್ಮೂರು.
ಖಾಜಾಬನಿ ಸೊಂಟದ ಮೇಲೆ ಕೂಡಿಸಿಕೊಂಡು ತರುವ
ಮೂರೂವರೆ ವರ್ಷದ ತಮ್ಮ ರಸೂಲ
ಯಾವ ಕಾಲಮ್ಮಿನಲ್ಲೂ ಇಲ್ಲ, ಮೊದಲ ಸಾಲಿನಲ್ಲಿದ್ದಾನೆ.
ಎರಡು ಸಲ ನೀಡಿಸಿಕೊಂಡು ಉಣ್ಣುತ್ತಾನೆ.

ಬೆಳಿಗ್ಗೆ ಹಾಜರಿ ಕೂಗುತ್ತೇನೆ.
ಪುಷ್ಪಾಬಾಯಿ, ಅಂದಾಗ
ಯಾರೂ ಓಗೊಡದ ಆ ಒಂದು ಗಳಿಗೆಗೆ ಕಾದಿದ್ದು
ರಸೂಲ ಎದ್ದು ನಿಂತು ಕೂಗುತ್ತಾನೆ,
"ಬಂದೀನ್ರಿ!"
ಮಕ್ಕಳು ನಗುತ್ತಿದ್ದರು. ಈಗ ನಗುವುದಿಲ್ಲ.
ಮೊದಮೊದಲು ನಾನೂ ಗದರುತ್ತಿದ್ದೆ;
ಈಗ ಅವಳ ಹೆಸರು ಕರೆದು
ತುಸು ನಿಲ್ಲುತ್ತೇನೆ.

ಐದಕ್ಕೆ ಹತ್ತು ನಿಮಿಷ.
ಫೋನು ಮತ್ತೆ ಅಲುಗುತ್ತಿದೆ, ಮೇಜಿನ ಮೇಲೆ,
ಸೀಮೆಸುಣ್ಣದ ಪುಡಿಯಲ್ಲಿ.